ಮೂರನೆಯ ಸಾಲು

ಕೊಕ್ಕರೆಪಾರೆಯ ಮೇಲಿನ ಕಂಪ್ಯೂಟರು ದಿನಕ್ಕೊಮ್ಮೆ ಸತ್ತು ಹುಟ್ಟುತ್ತಿತ್ತು. ಮಧ್ಯಾಹ್ನ ಅದನ್ನು ಮಲಗಿಸುವುದು, ಮತ್ತೆ ಎಬ್ಬಿಸುವುದು ಗುಲಾಬಿಯ ಕೆಲಸ.

ತೆಂಕಕೋಡಿಯ ದಡದಲ್ಲಿ ನಿಂತು ಪಡುವಣಕ್ಕೆ ನೋಡಿದರೆ, ನೀರು ಮುಗಿದು ಆಕಾಶ ಶುರುವಾಗುವಲ್ಲಿ ಸುಣ್ಣದ ಚುಕ್ಕೆಯಂತೆ ಕಾಣುವ ಬಂಡೆಯೇ ಕೊಕ್ಕರೆಪಾರೆ. ಹಕ್ಕಿಗಳ ಹಿಕ್ಕೆಯಿಂದ ಅದರ ನೆತ್ತಿ ಬೆಳ್ಳಗಾಗಿದೆ. ಅಲ್ಲಿ ಮೀನುಗಾರರ ಸಂಘದವರು ಕಟ್ಟಿಸಿದ ಒಂದು ಸಿಮೆಂಟಿನ ಗೂಡು, ಒಳಗೆ ಕಂಪ್ಯೂಟರು ಮತ್ತು ಬ್ಯಾಟರಿಗಳು, ಹೊರಗೆ ಬಿಸಿಲಿಗೆ ಮುಖ ಮಾಡಿದ ಸೋಲಾರ್ ಹಲಗೆಗಳು, ಒಂದು ಉದ್ದನೆಯ ಏರಿಯಲ್. ಗಾಳಿ ಎಷ್ಟು, ಅಲೆ ಎಷ್ಟು ಎಂದು ಅಳೆದು ದಡಕ್ಕೆ ಕಳಿಸುವುದು ಅದರ ಒಂದು ಕೆಲಸ. ದೂರದ ದೋಣಿಗಳ ವಾಕಿಟಾಕಿಯ ಮಾತನ್ನು ಹಿಡಿದು ದಡಕ್ಕೂ, ದಡದ ಮಾತನ್ನು ದೋಣಿಗಳಿಗೂ ದಾಟಿಸುವುದು ಇನ್ನೊಂದು. ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗೆ ಕಡಲು ಬಂದ್. ನಾಡದೋಣಿಗಳು ಮಾತ್ರ ಹೋಗುತ್ತವೆ. ಪಡುವಣದಿಂದ ಏಳುವ ಗಾಳಿ ದಡ ಮುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ ಪಾರೆಗೆ ತಿಳಿಯುತ್ತದೆ. ಆ ಅರ್ಧ ಗಂಟೆಯಲ್ಲಿ ದೋಣಿ ತಿರುಗಿಸಿದವರು ಮನೆಗೆ ಬಂದು ಉಣ್ಣುತ್ತಾರೆ.

ಆ ಕಂಪ್ಯೂಟರಿಗೆ ಒಂದಲ್ಲ, ಎರಡು ಆಪರೇಟಿಂಗ್ ಸಿಸ್ಟಂ. ಮಂಗಳೂರಿನಲ್ಲಿ ಕೂತು ಫೋನಿನಲ್ಲೇ ರಿಪೇರಿ ಹೇಳುವ ಇಂಜಿನಿಯರ್ ಶೇರಿಗಾರರು ಅದನ್ನು ಗುಲಾಬಿಗೆ ಹೇಳಿಕೊಟ್ಟದ್ದು ಹೀಗೆ: "ಬಸ್ಸು ಒಂದೇ ಮಾರಾಯ್ತಿ, ಡ್ರೈವರ್ ಇಬ್ಬರು. ಹಳಬ ಗಾಳಿ ಅಳೀತಾನೆ ಅಷ್ಟೇ, ಮಾತು ದಾಟಿಸಲಿಕ್ಕೆ ಬರುದಿಲ್ಲ ಅವನಿಗೆ. ಹೊಸಬನಿಗೆ ಎಲ್ಲ ಬರ್ತದೆ. ಆದರೆ ಅವನಿಗೆ ತಲೆ ತುಂಬಿ ಹೋಗ್ತದೆ, ದಿನಕ್ಕೊಮ್ಮೆ ಮಲಗಿಸಿ ಎಬ್ಬಿಸಬೇಕು. ಒಮ್ಮೆಗೆ ಒಬ್ಬನೇ ಸ್ಟಿಯರಿಂಗ್ ಹಿಡಿಯುದು. ಯಾರನ್ನು ಕೂರಿಸುದು ಅಂತ ನೀನು ಹೇಳಬೇಕು."

ಹೇಳುವ ಕ್ರಮ ಕಷ್ಟದ್ದಲ್ಲ. ಕಂಪ್ಯೂಟರು ಮತ್ತೆ ಏಳುವಾಗ ಸಂಘದ ಆಫೀಸಿನ ಪರದೆ ಕಪ್ಪಾಗುತ್ತದೆ. ಕಪ್ಪಿನ ಮೇಲೆ ಸಿಸ್ಟಂಗಳ ಹೆಸರು ಒಂದರ ಕೆಳಗೊಂದು ಬರುತ್ತವೆ. ಮೊದಲ ಸಾಲಿನ ಮೇಲೆ ಒಂದು ಬಿಳಿ ಪಟ್ಟಿ ಕೂತಿರುತ್ತದೆ. ಬಾಣದ ಗುಂಡಿ ಒತ್ತಿದರೆ ಪಟ್ಟಿ ಕೆಳಗಿಳಿಯುತ್ತದೆ, ಮೇಲೇರುತ್ತದೆ. ಕೆಳಗೆ ಸೆಕೆಂಡಿನ ಅಂಕಿ ಮೂವತ್ತರಿಂದ ಇಳಿಯುತ್ತ ಸೊನ್ನೆಗೆ ಬರುವಾಗ ಪಟ್ಟಿ ಯಾವ ಸಾಲಿನ ಮೇಲಿದೆಯೋ ಆ ಸಿಸ್ಟಂ ಏಳುತ್ತದೆ. ಹೊಸತು ಎದ್ದ ಕೂಡಲೆ ಗುಲಾಬಿ ಮೈಕು ಹಿಡಿದು, ಹೊರಗಿರುವ ದೋಣಿಗಳನ್ನೆಲ್ಲ ಹೆಸರು ಹಿಡಿದು ಕರೆಯಬೇಕು. ದೋಣಿಗಳು ಒಂದೊಂದಾಗಿ 'ಇತ್ತ್', ಇದೆ, ಎಂದು ಓಗೊಡುತ್ತವೆ.

ಪರದೆಯ ಮೇಲೆ ಎರಡು ಸಾಲು ಇರಬೇಕಿತ್ತು. ಇದ್ದದ್ದು ಮೂರು. ಹಳೆಯದು, ಹೊಸದು, ಅದರ ಕೆಳಗೆ ಮತ್ತೊಮ್ಮೆ ಹೊಸದು.

"ಒಂದನ್ನೇ ಎರಡು ಸಲ ಬರೆದುಕೊಂಡಿದೆ. ಹಾಗೆ ಆಗ್ತದೆ," ಎಂದಿದ್ದರು ಶೇರಿಗಾರರು. "ಮೂರನೆಯದ್ದನ್ನು ಮುಟ್ಟಬೇಡ. ಮಳೆ ಬಿಟ್ಟ ಮೇಲೆ ಪಾರೆಗೆ ಹೋಗಿ ಅಳಿಸುವ."

ಹೊಸ ಸಿಸ್ಟಮ್ಮಿನ ಕಾರ್ಡನ್ನು ಪಾರೆಗೆ ಒಯ್ದು ಹಾಕಬೇಕಾಗಿದ್ದವಳು ಗುಲಾಬಿಯೇ. ಮಳೆ ಹಿಡಿಯುವ ಮೊದಲು ಬಚ್ಚಣ್ಣನ ಸಣ್ಣ ದೋಣಿ ಬ್ಯಾಟರಿ ಹೊತ್ತು ಪಾರೆಗೆ ಹೋಗುವುದು ವಾಡಿಕೆ. ಬ್ಯಾಟರಿಗಳ ಭಾರಕ್ಕೆ, ಬಚ್ಚಣ್ಣನನ್ನು ಬಿಟ್ಟರೆ ಇನ್ನೊಬ್ಬರಿಗೆ ಮಾತ್ರ ಜಾಗ. ಆ ಬೆಳಿಗ್ಗೆ ಕಡಲು ಆಗಲೇ ಗುರುಗುಟ್ಟುತ್ತಿತ್ತು. ಗುಲಾಬಿ ಕಾರ್ಡಿನ ಡಬ್ಬಿ ಹಿಡಿದುಕೊಂಡು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದಾಗ ಅಣ್ಣ ಶೀನ ನಗುತ್ತ ಬಂದ. ಊರಿನ ಗಂಡಸರ ಹಾಗೆ ಅವನೂ ಹುಡುಗಿಯರನ್ನು 'ಹೆಣೆ' ಎಂದೇ ಕರೆಯುವುದು.

"ನೀ ಪಾರೆ ಮುಟ್ಟುವತಿಗೆ ವಾಂತಿ ಮಾಡಿ ಮಾಡಿ ಅರ್ಧ ಆತೆ ಹೆಣೆ. ಕೊಡ್ ಇಲ್ಲಿ, ನಾ ಹೋಯ್ ಬತ್ತೆ."

"ಅದ್ ಹಾಕುದ್ ಹ್ಯಾಂಗೆ ಅಂದ್ಹೇಳಿ ನಿಂಗೆ ಗೊತ್ತಿಲ್ಲ."

"ಫೋನಿಗೆ ಸಿಮ್ ಹಾಕ್ದಂಗೆ ಅಲ್ದಾ? ಬಾಯಿ ಕಾಂತತ್, ತುರ್ಕುದ್."

ಅವನು ಡಬ್ಬಿ ಹಿಡಿದ. ಅವಳು ಬಿಡಲಿಲ್ಲ. ಅವನೂ ಎಳೆಯಲಿಲ್ಲ. ಒಂದು ಅಲೆ ಬಂದು ಹೋಗುವಷ್ಟು ಹೊತ್ತು ಡಬ್ಬಿ ಇಬ್ಬರ ಕೈಯಲ್ಲೂ ಇತ್ತು. ಆಮೇಲೆ ಅವಳು ಬಿಟ್ಟಳು.

ಶೀನ ಕಾರ್ಡು ಹಾಕಿದ. ಪಾರೆಯ ಮೇಲಿಂದ ಮೈಕಿನಲ್ಲಿ "ಹಾಕಿಯಾಯ್ತ್, ಕೇಂತತ್ತಾ?" ಎಂದ. ಇಳಿದು ಬರುವಾಗ ಅಲೆ ದೋಣಿಯನ್ನು ಬಂಡೆಗೆ ಹೊಡೆಯಿತು. ಬಚ್ಚಣ್ಣ ಈಜಿ ಬದುಕಿದ. ಶೀನನ ಹೆಣ ತೆಂಕಣ ಮರಳಿಗೆ ಬಂದು ಬಿತ್ತು. ಅವನ ಹೆಂಡತಿ ಬೇಬಿಯ ಹೊಟ್ಟೆಯಲ್ಲಿ ಕೂಸು ಆಗಷ್ಟೇ ಮಿಸುಕಾಡಲು ಶುರುಮಾಡಿತ್ತು. ಬೇಬಿಯ ತಮ್ಮ ಗಣಪನೇ ಭಾವನಿಗೆ ಕೊಳ್ಳಿ ಇಟ್ಟ. ಆಮೇಲೆ ಅವನು ಅಕ್ಕನ ಮನೆಯಲ್ಲೇ ಉಳಿದ. ಮಾರಿಕಾಂಬೆ ಎಂಬ ದೋಣಿಯಲ್ಲಿ ಭಾವ ಕೂರುತ್ತಿದ್ದ ಜಾಗದಲ್ಲಿ ಕೂತು ಕಡಲಿಗೆ ಹೋಗತೊಡಗಿದ. ಮನೆಗೆ ಗಂಡಸು ಅಂತ ಇದ್ದವನು ಅವನೊಬ್ಬ.

ಗುಲಾಬಿ ಕೆಲಸ ಬಿಡಲಿಲ್ಲ. ಕುರ್ಚಿಯಲ್ಲಿ ಕೂತು ಪರದೆ ನೋಡುವುದು ಅವಳಿಗೆ ಮನೆಯಲ್ಲಿ ತಾಯಿಯ ಮುಖ ನೋಡುವುದಕ್ಕಿಂತ ಸುಲಭವಾಗಿತ್ತು.

ಹಾಗೆ ನೋಡುತ್ತಿದ್ದಾಗಲೇ ಅದು ಅವಳ ಕಣ್ಣಿಗೆ ಬಿತ್ತು. ಮಧ್ಯಾಹ್ನ ಮೂರು ಸಾಲು ಬಂದಾಗ ಅವಳು ಗುಂಡಿ ಮುಟ್ಟುವ ಮೊದಲೇ ಬಿಳಿ ಪಟ್ಟಿ ತಾನಾಗಿ ಜಾರುತ್ತಿತ್ತು. ಮೊದಲ ಸಾಲಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ಮೂರರ ಮೇಲೆ ಕೊಂಚ ಹೊತ್ತು ನಿಂತು, ಮನಸ್ಸಿಲ್ಲದವರು ಹೊಸ್ತಿಲಿಂದ ಹಿಂದೆ ಸರಿದ ಹಾಗೆ, ಮತ್ತೆ ಎರಡಕ್ಕೆ ಬರುತ್ತಿತ್ತು. ಮರುದಿನವೂ ಹಾಗೆಯೇ. ಅದರ ಮರುದಿನವೂ.

"ಲೈನಿನ ದೋಷ," ಎಂದರು ಶೇರಿಗಾರರು. "ಎರಡಕ್ಕೇ ಬಂದು ನಿಲ್ತದಲ್ಲ? ಮತ್ತೆಂತ ತೊಂದರೆ ನಿನಗೆ?"

ತೊಂದರೆಯೇನೂ ಇರಲಿಲ್ಲ. ಆದರೆ ಲೈನಿನ ದೋಷ ಹೀಗೆ ಹಿಂದೆಮುಂದೆ ನೋಡುವುದಿಲ್ಲ ಎಂದು ಗುಲಾಬಿಗೆ ಅನ್ನಿಸಿತು. ಯಾರೋ ಆಚೆ ಕೂತು ಅದೇ ಗುಂಡಿಗಳನ್ನು ಒತ್ತುತ್ತಿದ್ದರು.

ಆಷಾಢದ ನಡುವೆ ಒಂದು ಮಧ್ಯಾಹ್ನ ಪಟ್ಟಿ ಮೂರಕ್ಕೆ ಹೋದದ್ದು ಹಿಂದೆ ಬರಲಿಲ್ಲ. ಗುಲಾಬಿ ಕಾದಳು. ಒಂದು ಗುಂಡಿ ಒತ್ತಿದ್ದರೆ ಅದು ಎರಡಕ್ಕೆ ಬರುತ್ತಿತ್ತು. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡಿದಳು. ಸಮಯ ಮುಗಿಯಿತು. ಮೂರನೆಯದು ಎದ್ದಿತು.

ಎರಡಕ್ಕೂ ಮೂರಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ. ಅದೇ ಗಾಳಿ, ಅದೇ ಅಲೆಯ ಎತ್ತರ. ಅವಳು ಮೈಕಿಗೆ ಕೈ ಹಾಕುವಷ್ಟರಲ್ಲಿ ಸ್ಪೀಕರಿನಲ್ಲಿ ಬೇರೆ ಯಾರೋ ಹೆಸರು ಕರೆಯಲು ಶುರುಮಾಡಿದರು.

"ಜಲದುರ್ಗೆ."

"ಜಲದುರ್ಗೆ ಇತ್ತ್."

"ಮೀನ್ ಸಿಕ್ತಾ, ಬರೀ ಹಾಡ್ ಹೇಳ್ತಾ ಕೂತಿದ್ರಾ?"

"ನಿನ್ನ ತಲೆ ಸಿಕ್ತ್ ಮರಾಯಾ, ಬಲೆ ತುಂಬ."

"ಗಂಗಾದೇವಿ."

"ಇತ್ತ್, ಇತ್ತ್."

ಶೀನನ ದನಿ. ಮಾತಿನ ಕೊನೆಗೆ ಮೂಗಿನಲ್ಲಿ ನಗುವ ಅದೇ ಶೀನ. ಅವಳು ದಿನಾ ಕರೆಯುವ ದೋಣಿಗಳನ್ನೇ ಅವನೂ ಕರೆದ. ಅವಳಿಗೆ ಓಗೊಡುವ ಗಂಡಸರೇ ಅವನಿಗೂ ಓಗೊಟ್ಟರು. ಮಾರಿಕಾಂಬೆಯ ಹೆಸರನ್ನು ಮಾತ್ರ ಅವನು ಕರೆಯಲಿಲ್ಲ. ಎಲ್ಲ ಮುಗಿದ ಮೇಲೆ ಲೈನಿನಲ್ಲಿ ಬರೀ ಕಡಲಿನ ಸದ್ದು ಉಳಿಯಿತು.

ಗುಲಾಬಿ ಮೈಕಿನ ಗುಂಡಿ ಒತ್ತಿದಳು. "ಅಣ್ಣ."

ಆಚೆ ಕುರ್ಚಿ ಸರಿದ ಸದ್ದು ಕೇಳಿಸಿತು.

"ಗುಲಾಬಿಯಾ?"

"ಹೌದ್."

"ನಿಂಗೆ ನಾನೇ ಕೊಳ್ಳಿ ಇಟ್ಟದ್ ಅಲ್ದಾ, ಹೆಣೆ."

"ನಿಂಗೆ ಗಣಪ ಇಟ್ಟ," ಎಂದಳು ಗುಲಾಬಿ.

ಇಬ್ಬರೂ ಊರಿನ ಸುದ್ದಿ ಹೇಳಿಕೊಳ್ಳುವವರಂತೆ ಮೆಲ್ಲಗೆ ಮಾತಾಡಿದರು. ಅವನಿರುವಲ್ಲಿ ಡಬ್ಬಿಯನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಬಚ್ಚಣ್ಣನ ದೋಣಿಯಲ್ಲಿ ಅವಳೇ ಹೋಗಿ, ಕಾರ್ಡು ಹಾಕಿ, ಬರುವಾಗ ಬಂಡೆಗೆ ಬಡಿದು ಸತ್ತಿದ್ದಳು. ಆಮೇಲೆ ಸಂಘದವರು ಅವಳ ಕುರ್ಚಿಯಲ್ಲಿ ಅವನನ್ನು ಕೂರಿಸಿದ್ದರು. ಮಾರಿಕಾಂಬೆಯಲ್ಲಿ ಅವನ ಜಾಗಕ್ಕೆ ಅಲ್ಲೂ ಗಣಪನೇ ಹೋಗಿದ್ದ. ಒಂದೇ ಗೂಡಿಗೆ ಅವಳೂ ಕಾರ್ಡು ಹಾಕಿದ್ದಳು, ಅವನೂ ಹಾಕಿದ್ದ. ಅದಕ್ಕೇ ಪರದೆಯ ಮೇಲೆ ಮೂರು ಸಾಲು. ಎರಡನೆಯದು ಎದ್ದರೆ ಪಾರೆ ಗುಲಾಬಿಯ ಕಡಲಿನ ಮಾತು ಕೇಳುತ್ತದೆ. ಮೂರನೆಯದು ಎದ್ದರೆ ಶೀನನ ಕಡಲಿನದು. ಪಾರೆ ಮಾತ್ರ ಒಂದೇ.

"ಹಂಗಾರೆ ಇಷ್ಟ್ ದಿನ ಪಟ್ಟಿ ಆಡ್ಸ್ತಿದ್ದದ್ ನೀನಾ?"

"ನಾನೇ. ಒಂದಿನ ತಪ್ಪಿ ಎರಡ್ರ ಮೇಲೆ ನಿಂತ್ಕಂತ್. ಕಂಡ್ರೆ ನೀ ಹೆಸ್ರ್ ಕರೀತಿದ್ದೆ. ಮತ್ತೆ ದಿನಾ ಮೂರಕ್ಕೆ ಹೋಪುದ್, ನಿನ್ನ ದನಿ ನೆನಪಾಪುದ್, ಎರಡಕ್ಕೇ ಬಪ್ಪುದ್."

"ಒಂದ್ ಮಾತ್ ಆಡುಕ್ ಆಗ್ಲಿಲ್ಯಾ ನಿಂಗೆ?"

"ಹೆದ್ರಿಕೆ ಆಯ್ತ್. ಮಾತಾಡ್ರೆ, ನೀ ಸತ್ತದ್ ನಿಂಗೆ ಗೊತ್ತಾಯ್ ಹೋತತ್ತೋ ಅಂದ್ಹೇಳಿ."

ಗುಲಾಬಿ ನಕ್ಕಳು. ಆಮೇಲೆ ಕೇಳಿದಳು: "ಮಾರಿಕಾಂಬೆನ ಕರೀಲಿಲ್ಲ ನೀ."

ಶೀನ ದನಿ ತಗ್ಗಿಸಿದ. "ನಾ ನಿನ್ನ ದನಿ ಕೇಂತಾ ಕೂತದ್ದಲ್ದಾ. ನಮ್ ದೋಣಿ ಕೂಗಿದ್ ನಂಗ್ ಕೇಣ್ಲಿಲ್ಲ. ಮೊನ್ನೆ ಮಗುಚಿ ಹೋಯ್ತ್. ಒಬ್ರೂ ಬರ್ಲಿಲ್ಲ."

"ಗಣಪ?"

"ಅವ್ನೂ."

ಕಿಟಕಿಯಾಚೆ, ಸಂಘದ ಅಂಗಳದಲ್ಲಿ, ಬಲೆಯ ರಾಶಿಯ ಮೇಲೆ ಗಣಪ ಅಂಗಾತ ಮಲಗಿ ಬೀಡಿ ಎಳೆಯುತ್ತಿದ್ದ. ಆ ದಿನ ಅವರ ದೋಣಿ ಹೋಗಿರಲಿಲ್ಲ. ಗುಲಾಬಿ ಅವನನ್ನೇ ನೋಡುತ್ತ ಮೈಕು ಕೆಳಗಿಟ್ಟಳು.

ಸಣ್ಣವರಿದ್ದಾಗ ಒಂದೇ ಬಂಗುಡೆ ಮೀನನ್ನು ಹಂಚಿಕೊಂಡ ಹಾಗೆ ಅಣ್ಣ ತಂಗಿ ಪಾರೆಯನ್ನು ಹಂಚಿಕೊಂಡರು. ಬೆಳಗಿನ ಹೊತ್ತು ಎರಡನೆಯ ಸಾಲು, ಮಧ್ಯಾಹ್ನದ ಮೇಲೆ ಮೂರನೆಯದು. "ಮಧ್ಯಾಹ್ನದ ಮೇಲೆ ಮಿಶನ್ನಿಗೆ ರಿಪೇರಿ ಇತ್ತ್, ದೂರ ಹೋಯ್ಬೇಡಿ," ಎಂದು ಗುಲಾಬಿ ತನ್ನ ದೋಣಿಗಳಿಗೆ ಸುಳ್ಳು ಹೇಳಿದಳು. ಕೆಲವರು ಕೇಳಿದರು. ಮೀನು ಕಂಡವರು ಕೇಳಲಿಲ್ಲ. ದಿನಕ್ಕೊಮ್ಮೆ ಏಳುತ್ತಿದ್ದ ಕಂಪ್ಯೂಟರು ಈಗ ಎರಡು ಸಲ ಏಳಬೇಕಾಯಿತು. ಮಲಗಿಸಿ ಎಬ್ಬಿಸುವಾಗಲೇ ಅದು ಹೆಚ್ಚು ಕರೆಂಟು ಕುಡಿಯುವುದು. ಮೋಡ ಕವಿದ ದಿನಗಳಲ್ಲಿ ಸೋಲಾರ್ ಹಲಗೆಗಳಿಂದ ಬರುವುದೂ ಅಷ್ಟಕ್ಕಷ್ಟೆ. ಪರದೆಯ ಮೂಲೆಯಲ್ಲಿ ಬ್ಯಾಟರಿಯ ಗೆರೆ ದಿನದಿನಕ್ಕೂ ಗಿಡ್ಡವಾಗತೊಡಗಿತು.

ಮನೆಯಲ್ಲಿ ಬೇಬಿ ಅವಳನ್ನೇ ಗಮನಿಸುತ್ತಿದ್ದಳು.

"ನೀ ಒಬ್ಳೇ ನಗಾಡ್ತಿದ್ದೆ," ಎಂದಳು ಒಂದು ಸಂಜೆ, ಅತ್ತೆಗೆ ಕೇಳಿಸದ ಹಾಗೆ, ಒಣಮೀನು ಸುಡುತ್ತ. "ಆಫೀಸಗೆ ಯಾರಾರೂ ಸಿಕ್ಕಿದ್ರಾ? ಹೇಳ್, ಅಬ್ಬಿಗೆ ನಾ ಹೇಳುದಿಲ್ಲ."

ಗುಲಾಬಿ ಹೇಳಿದಳು. ಒಳಗೆ ಇಟ್ಟುಕೊಳ್ಳುವ ಅಭ್ಯಾಸದವಳು, ಈ ಒಂದನ್ನು ಇಟ್ಟುಕೊಳ್ಳಲಾರದೆ ಎಲ್ಲವನ್ನೂ ಹೇಳಿದಳು. ಬೇಬಿ ಒಲೆಯಲ್ಲಿ ಮೀನು ಕರಿಯಾಗುವವರೆಗೆ ಕೇಳಿದಳು. ಮರುದಿನ ಮಧ್ಯಾಹ್ನ ಹೊಟ್ಟೆ ಹೊತ್ತುಕೊಂಡು, ಕೊಡೆ ಹಿಡಿದು, ಆಫೀಸಿಗೆ ಬಂದು ಗುಲಾಬಿಯ ಪಕ್ಕ ಕೂತಳು.

ಮೂರನೆಯ ಸಾಲು ಎದ್ದಿತು. ಶೀನ ಜಲದುರ್ಗೆಯನ್ನು ಕರೆದ, ಗಂಗಾದೇವಿಯನ್ನು ಕರೆದ. ಬೇಬಿಯ ಕೈ ತಾನಾಗಿ ಮೈಕಿನ ಕಡೆಗೆ ಹೋಯಿತು. ಅಷ್ಟರಲ್ಲಿ ಗಂಗಾದೇವಿಯವನು ಏನೋ ಕೇಳಿದ. ಶೀನ ಅವನಿಗೆ ಹೇಳಿದ: "ಇವತ್ ಬೇಗ ಮುಗ್ಸಿ ಮರಾಯ್ರೆ. ಮನೆಯಗೆ ಬೇಬಿ ಕಾಯ್ತಿದ್ಲ್. ತಮ್ಮ ಹೋದಲ್ಲಿಂದ ಉಂಬುದಿಲ್ಲ, ನಾ ಎದ್ರಿಗೆ ಕೂತ್ರೆ ಮಾತ್ರ ಎರಡ್ ತುತ್ತು."

ಬೇಬಿ ಕೈ ಹಿಂದೆ ತೆಗೆದುಕೊಂಡಳು.

"ಅಲ್ಲೊಬ್ಳ್ ಬೇಬಿ ಇದ್ಲ್."

"ಇದ್ಲ್, ಅತ್ಗಿ."

"ಅವ್ಳ್ ಹೊಟ್ಟೆಯಗೂ?"

"ಇತ್ತ್."

ಬೇಬಿ ಎದ್ದು ಸೆರಗು ಸರಿಮಾಡಿಕೊಂಡಳು. "ಅವ್ರ್ ಸತ್ತದ್ದೇ ಸಾಕಿತ್ತ್ ನಂಗೆ ಗುಲಾಬಿ. ಈಗ ಬಿಟ್ಟ್ ಹೋದಂಗೆ ಆಯ್ತ್." ಬಾಗಿಲ ಹತ್ತಿರ ನಿಂತು ಕೇಳಿದಳು: "ಇದ್ ಎದ್ದಿದ್ದಾಗ ನಮ್ ಗಣಪ ಕೂಗ್ರೆ ಯಾರ್ ಕೇಂತ್ರ್?"

ಕೊಡೆ ಅಲ್ಲೇ ಬಿಟ್ಟು ಬೇಬಿ ಮಳೆಯಲ್ಲಿ ನಡೆದು ಹೋದಳು. ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ. ಆದರೆ ಬೆಳಿಗ್ಗೆ ಗಣಪ ಹೊರಡುವಾಗ ಅಂಗಳದವರೆಗೂ ಬಂದು, ದೋಣಿ ಮರೆಯಾಗುವವರೆಗೆ ನಿಲ್ಲತೊಡಗಿದಳು.

ಒಂದು ದಿನ ಶೀನ ಹೇಳಿದ: "ನಾಳೆಯಿಂದ ನಾ ಕಡಲಿಗೆ ಹೋತೆ. ಅಷ್ಟ್ ಜನ ಹೋದ ಮೇಲೆ ದೋಣಿಗೆ ಆಳ್ ಇಲ್ಲ, ಗಂಗಾದೇವಿಯವ್ರ್ ಕರೀತಿದ್ರ್. ಕುರ್ಚಿಯಗೆ ಬೇಬಿನ ಕೂರ್ಸ್ತೆ. ಗುಂಡಿ ಒತ್ತುಕೆ ಕಲ್ಸಿದ್ದೆ. ನಿಂಗೆ ಅತ್ಗಿಯೇ ಅಲ್ದಾ, ಮಾತಾಡ್."

ಹೀಗೆ ಗುಲಾಬಿ ಇನ್ನೊಬ್ಬ ಬೇಬಿಯ ದನಿ ಕೇಳುವಂತಾಯಿತು. ಬೆಳಿಗ್ಗೆ ಮನೆಯಲ್ಲಿ ಗಂಜಿ ಬಡಿಸುತ್ತಿದ್ದ ದನಿ, ಮಧ್ಯಾಹ್ನ ಸ್ಪೀಕರಿನಲ್ಲಿ ದೋಣಿಗಳ ಹೆಸರು ಕರೆಯುತ್ತಿತ್ತು. ಅದೇ ದನಿ, ಆದರೆ ಶೀತ ಆದವರ ಹಾಗೆ ಒಳಗೆ ಕಟ್ಟಿಕೊಂಡಿತ್ತು. ಮೊದಲ ದಿನ ಆ ಬೇಬಿ ಹೆಸರು ಕರೆದು ಮುಗಿಸಿದ ಮೇಲೆ ಒಂದೇ ಮಾತು ಕೇಳಿದಳು.

"ಅಲ್ಲಿ ಗಣಪ ಇದ್ನಾ?"

"ಇದ್ದ, ಅತ್ಗಿ."

"ಉಂತ್ನಾ ಸಮಾ?"

"ಉಂತ. ನಿಮ್ ಹತ್ರ ಬೈಸ್ಕಂತ."

"ನನ್ನ ಹತ್ರ," ಎಂದಳು ಆ ಬೇಬಿ, ತನಗೆ ತಾನೇ ಹೇಳಿಕೊಂಡಂತೆ. ಆಮೇಲೆ, "ಅವ್ನ್ ದನಿ ಒಂದ್ಸಲ ಕೇಂಬ ಅಂದ್ಹೇಳಿ," ಎಂದಳು.

ಮರುದಿನದಿಂದ ಬೆಳಗಿನ ಪಾಳಿಯಲ್ಲಿ, ಮಾರಿಕಾಂಬೆಯನ್ನು ಕರೆದು ಗಣಪ ಓಗೊಟ್ಟಾಗಲೆಲ್ಲ, ಲೈನಿನಲ್ಲಿ ಯಾರೋ ಉಸಿರು ಬಿಗಿಹಿಡಿದು ಕೂತಿದ್ದಾರೆ ಎಂದು ಗುಲಾಬಿಗೆ ಅನ್ನಿಸುತ್ತಿತ್ತು. ಹಿಂದೆ ಅಣ್ಣ ಕೂತಿದ್ದಂತೆಯೇ.

ಶೇರಿಗಾರರು ಫೋನು ಮಾಡಿ ಗದರಿದರು. "ದಿನಕ್ಕೆ ಎರಡು ಸಲ ಎಂತಕ್ಕೆ ಎಬ್ಬಿಸ್ತಿದ್ದಿ? ಬ್ಯಾಟರಿ ನೋಡಿದ್ಯಾ? ಬಿಸಿಲು ಬರುವವರೆಗೆ ಇನ್ನು ಮಲಗಿಸಲೇ ಬೇಡ, ತಲೆ ತುಂಬಿದರೂ ಒಂದೆರಡು ದಿನ ತಡೀತಾನೆ. ಮಲಗಿಸಿದರೆ ಒಮ್ಮೆ ಏಳ್ತದೆ, ಮತ್ತೊಮ್ಮೆ ಏಳುದು ಸಂಶಯ."

ಗುಲಾಬಿ ಹೂಂಗುಟ್ಟಿದಳು. ಆ ದಿನ ಎರಡರ ಮೇಲಿದ್ದದ್ದನ್ನು ಎರಡರ ಮೇಲೇ ಬಿಟ್ಟಳು. ಬಿಸಿಲು ಬಂದ ಮೇಲೆ ಅವರ ಪಾಲು ಸೇರಿಸಿ ಕೊಟ್ಟರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ರಾತ್ರಿ ಎದ್ದೆದ್ದು ಹೊರಗೆ ಬಂದು ಮೋಡ ನೋಡಿದಳು.

ಮರುದಿನ ಬೆಳಿಗ್ಗೆ ಕಡಲು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಬಹಳ ದಿನದ ಮೇಲೆ ಒಳ್ಳೆಯ ಕಡಲು. ದೋಣಿಗಳೆಲ್ಲ ಹೊರಟವು. ಮಾರಿಕಾಂಬೆ ಎಲ್ಲರಿಗಿಂತ ಮುಂದೆ. ಅವಳ ಕಡಲೂ ಅವನ ಕಡಲೂ ಒಂದೇ ಆಕಾಶದ ಕೆಳಗಿನವು. ಅಲ್ಲಿಯೂ ಹೀಗೆಯೇ ಹೊಳೆಯುತ್ತಿರಬೇಕು, ಅಲ್ಲಿಯೂ ಎಲ್ಲ ಹೊರಟಿರಬೇಕು, ಗಂಗಾದೇವಿಯಲ್ಲಿ ಅಣ್ಣ ಇರಬೇಕು ಎಂದು ಗುಲಾಬಿ ಲೆಕ್ಕ ಹಾಕಿದಳು.

ಮಧ್ಯಾಹ್ನಕ್ಕೆ ಕೊಂಚ ಮೊದಲು ಪಾರೆಯ ಗಾಳಿಯ ಅಂಕಿ ಏರತೊಡಗಿತು. ಅವಳು ನೋಡುತ್ತಿದ್ದಂತೆಯೇ ಇಮ್ಮಡಿಯಾಯಿತು. ಅಷ್ಟು ಜೋರಾಗಿ ಅದು ಏರಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಮೈಕು ಎತ್ತಿಕೊಂಡಳು. "ಜಲದುರ್ಗೆ," ಎಂದಳು. ಉತ್ತರ ಬರಲಿಲ್ಲ. ಪರದೆಯ ಮೇಲಿನ ಅಂಕಿಗಳು ನಿಂತಲ್ಲೇ ನಿಂತಿದ್ದವು. ಹಿಂದಿನ ದಿನ ಮಲಗಿಸದೆ ಬಿಟ್ಟಿದ್ದ ಹೊಸತು, ತಲೆ ತುಂಬಿ ಸ್ತಬ್ಧವಾಗಿತ್ತು.

ಮಲಗಿಸಿ ಎಬ್ಬಿಸದೆ ಬೇರೆ ದಾರಿ ಇರಲಿಲ್ಲ. ಬ್ಯಾಟರಿಯ ಗೆರೆ ಕೆಂಪಾಗಿ ಒಂದು ಅಕ್ಕಿಕಾಳಿನಷ್ಟಿತ್ತು. ಒಮ್ಮೆ ಏಳುತ್ತದೆ. ಮತ್ತೊಮ್ಮೆ ಇಲ್ಲ.

ಪರದೆ ಕಪ್ಪಾಯಿತು. ಮೂರು ಸಾಲು ಬಂದವು.

ಎರಡನ್ನು ಎಬ್ಬಿಸಿದರೆ ಈ ಕಡಲಿನ ದೋಣಿಗಳು ತಿರುಗುತ್ತವೆ, ಆ ಕಡಲಿನವು ಏನೂ ತಿಳಿಯದೆ ಗಾಳಿಯ ಬಾಯಿಗೆ ಬೀಳುತ್ತವೆ. ಮೂರನ್ನು ಎಬ್ಬಿಸಿದರೆ ಇಲ್ಲಿನವು. ಗುಲಾಬಿಗೆ ಇದನ್ನು ಬಿಡಿಸಿ ಯೋಚಿಸುವಷ್ಟು ಹೊತ್ತು ಇರಲಿಲ್ಲ. ಅವಳಿಗೆ ಕಂಡದ್ದು ಮೊಣಕಾಲುದ್ದದ ನೀರು, ತನ್ನ ಕೈಬೆರಳು ಒಂದೊಂದಾಗಿ ಡಬ್ಬಿಯಿಂದ ಸಡಿಲವಾಗುತ್ತಿದ್ದದ್ದು. ಈ ಸಲ ಬಿಡಲಾರೆ ಎನ್ನಿಸಿತು. ಬೆರಳು ಬಾಣದ ಗುಂಡಿಗೆ ಹೋಯಿತು. ಪಟ್ಟಿ ಕೆಳಗಿಳಿಯಿತು. ಎರಡು. ಮೂರು.

ಪಟ್ಟಿ ತಾನಾಗಿ ಎರಡಕ್ಕೆ ಏರಿತು.

ಅವಳು ಮತ್ತೆ ಕೆಳಗೆ ಒತ್ತಿದಳು. ಅದು ಮತ್ತೆ ಮೇಲೆ ಹೋಯಿತು. ಆಚೆ ಕೂತವರು ಮೂರನ್ನು ಬಯಸಬೇಕಿತ್ತು. ಅದು ಅವರ ಸ್ವಂತ ಕಡಲು. ಆದರೂ ಆ ಕೈ ಪಟ್ಟಿಯನ್ನು ಎರಡಕ್ಕೇ ಎಳೆಯುತ್ತಿತ್ತು. ಅದು ಹಿಂದೆಮುಂದೆ ನೋಡುವ ಕೈಯಲ್ಲ. ಬಾವಿಯಿಂದ ಕೊಡ ಎಳೆಯುವ ಹಾಗೆ, ಒಂದೇ ಸಮನೆ, ಬಿಡದೆ. ಗುಲಾಬಿ ಒತ್ತಿದಳು, ಒತ್ತಿದಳು. ಕೆಳಗೆ, ಮೇಲೆ. ಕೆಳಗೆ, ಮೇಲೆ. ಅಂಕಿ ಸೊನ್ನೆಗೆ ಬಂದಾಗ ಪಟ್ಟಿ ಎರಡರ ಮೇಲಿತ್ತು.

ಎರಡನೆಯದು ಎದ್ದಿತು.

"ಎಲ್ಲಾ ದೋಣಿ ತಿರ್ಗ್ಸಿ," ಎಂದಳು ಗುಲಾಬಿ ಮೈಕಿನಲ್ಲಿ. ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು. "ಬಲೆ ಇದ್ರೆ ಕಡ್ದ್ ಹಾಕಿ. ಈಗಳೇ ತಿರ್ಗ್ಸಿ. ಜಲದುರ್ಗೆ."

"ಜಲದುರ್ಗೆ ತಿರ್ಗ್ತ್."

"ಗಂಗಾದೇವಿ."

"ತಿರ್ಗ್ಸ್ದೋ. ಎಂತಾ ಆಯ್ತ್ ಹೆಣೆ? ಇಲ್ಲ್ ಸಮಾ ಇತ್ತಲೆ."

"ಕೇಣ್ಬ್ಯಾಡಿ, ಬನ್ನಿ. ಮಾರಿಕಾಂಬೆ. ಮಾರಿಕಾಂಬೆ."

ಗರಗರ ಸದ್ದು. ಆಮೇಲೆ ಗಣಪ: "ಮಾರಿಕಾಂಬೆ ಇತ್ತ್. ಬತ್ತಿತ್."

ಅವನ ಮಾತಿನ ಬೆನ್ನಿಗೇ ಲೈನಿನಲ್ಲಿ ಒಂದು ಹೆಣ್ಣು ದನಿ ಸಣ್ಣಗೆ ಬಿಕ್ಕಿತು, ಒಂದೇ ಸಲ. ಗಾಳಿಯ ಅಂಕಿ ಇನ್ನೂ ಏರುತ್ತಿತ್ತು. ಕೊನೆಯ ದೋಣಿ ಅಳಿವೆಯ ಬಾಯಿಗೆ ಬಂತು ಎಂದು ಯಾರೋ ಕೂಗಿದಾಗ ಬ್ಯಾಟರಿ ಮುಗಿದು ಪರದೆ ನಂದಿಹೋಯಿತು. ಗುಲಾಬಿ ಗುಂಡಿ ಒತ್ತಿ ನೋಡಿದಳು. ಪಾರೆ ಏಳಲಿಲ್ಲ. ಅಷ್ಟರಲ್ಲಿ ಗಾಳಿ ದಡಕ್ಕೆ ಬಂದಿತ್ತು. ಆಫೀಸಿನ ಹಂಚುಗಳು ಒಂದರ ಮೇಲೊಂದು ಕುಣಿದವು. ಅವಳು ಕುರ್ಚಿಯಿಂದ ಏಳದೆ, ಕಪ್ಪು ಪರದೆಯಲ್ಲಿ ತನ್ನ ಮುಖ ನೋಡುತ್ತ ಕೂತಿದ್ದಳು.

ಸಂಜೆ ಮನೆ ತುಂಬ ಜನ. ಒದ್ದೆ ಬಟ್ಟೆಯ ಗಂಡಸರು ಜಗಲಿಯಲ್ಲಿ ನಿಂತು, ಮುಖ ನೋಡದೆ ಒಂದೊಂದು ಮಾತು ಹೇಳಿ ಹೋದರು. ಹೆಂಗಸರು ಬಂದು ಗುಲಾಬಿಯ ಗಲ್ಲ ಸವರಿದರು. ಬಚ್ಚಣ್ಣ ಬಾಳೆಎಲೆಯಲ್ಲಿ ಸುತ್ತಿದ ದೊಡ್ಡ ಅಂಜಲು ಮೀನೊಂದನ್ನು ತಂದಿಟ್ಟು, "ನಿನ್ನ ಅಣ್ಣ ಇದ್ದಿದ್ರೆ ಇವತ್ ಊರೆಲ್ಲ ಹೇಳ್ಕಂಡ್ ತಿರ್ಗ್ತಿದ್ದ ಕಾಣ್," ಎಂದ. ತಾಯಿ ಅವಳ ನೆತ್ತಿಗೆ ಕೈಯಿಟ್ಟು ಒಳಗೆ ಹೋದಳು. ಎಲ್ಲರೂ ಹೋದ ಮೇಲೆ ಗಣಪ ತಲೆ ಒರೆಸಿಕೊಂಡು, ಬಟ್ಟಲಿನ ಮುಂದೆ ಕೂತು ಗಂಜಿಗೆ ಕೈಹಾಕಿದ.

"ಗಂಟಲು ಹರ್ದ್ ಹೋಪಂಗೆ ಕೂಗಿದ್ಲ್ ಮರಾಯ್ತಿ," ಎಂದ ಅಕ್ಕನಿಗೆ. "ನಾ ಅಂದ್ಕಂಡೆ, ಇವ್ಳ್ ಇಷ್ಟ್ ಮಾತಾಡ್ತ್ಲ್ ಅಂತ ಯಾರಿಗ್ ಗೊತ್ತಿತ್ತ್?"

ಬೇಬಿ ನಗಲಿಲ್ಲ. ಒಲೆಯ ಹತ್ತಿರ ಗುಲಾಬಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಇವತ್ ನೀ ಎರಡೇ ಒತ್ತಿದ್ದೆ."

ಗುಲಾಬಿ ಹೂಂ ಎನ್ನಬಹುದಿತ್ತು.

"ಇಲ್ಲ ಅತ್ಗಿ. ನಾ ಮೂರ್ ಒತ್ತಿದ್ದ್. ಅಣ್ಣ ಕಡಲಲ್ಲಿದ್ದ. ಕಡೆ ತನ್ಕಾ ಮೂರನ್ನೇ ಒತ್ತಿದೆ."

ಬೇಬಿಯ ಕೈಯಲ್ಲಿದ್ದ ಸೌಟು ಮಡಕೆಯ ಮೇಲೆ ನಿಂತಿತು. ಅವಳು ಗಣಪನ ಬೆನ್ನನ್ನು ನೋಡಿದಳು. ಹಸಿದವನು ಬಗ್ಗಿ ಉಣ್ಣುತ್ತಿದ್ದ. ಅವನ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು: "ಮತ್ತೆ ಎರಡ್ ಒತ್ತಿದ್ ಯಾರ್?"

"ಅಲ್ಲಿ ಕುರ್ಚಿಯಗೆ ಕೂತವ್ರ್."

"ಯಾರ್?"

"ನೀವ್, ಅತ್ಗಿ."

ಮಳೆ ಹಂಚಿನ ಮೇಲೆ ಸುರಿಯುತ್ತಿತ್ತು. ಗಣಪ ಬಟ್ಟಲು ಮುಂದೆ ತಳ್ಳಿ, "ಅಕ್ಕಾ, ಇನ್ನೊಂಚೂರ್," ಎಂದ.

ಬೇಬಿ ಮಡಕೆ ಎತ್ತಿಕೊಂಡು ಹೋಗಿ, ಬಗ್ಗಿ, ತಮ್ಮನಿಗೆ ಬಡಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ.